ಕಪಾಟಿನ ಬಾಗಿಲು ಎಲ್ಲಿ ತಾಗುತ್ತದೆ?

ಮಾರ್ಚ್‌ನಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತಿದ್ದ ಕಪಾಟಿನ ಬಾಗಿಲು ಜುಲೈ ಹೊತ್ತಿಗೆ ಚೌಕಟ್ಟನ್ನು ಕಚ್ಚಿ ಹಿಡಿಯುವುದು ಕರಾವಳಿ, ಮಲೆನಾಡಿನ ಮನೆಗಳಲ್ಲಿ ಪ್ರತಿ ಮಳೆಗಾಲದ ಕತೆ. ಎಳೆದರೆ ಕಿರ್ರೆನ್ನುತ್ತದೆ, ಇನ್ನೂ ಜೋರಾಗಿ ಎಳೆದರೆ ಹಿಡಿಕೆಯೇ ಕೈಗೆ ಬರುತ್ತದೆ. ಬಡಗಿಯನ್ನು ಕರೆಸಿ ಅಂಚು ಕೀಸಿಸಿದರೆ ಅಂದಿಗೆ ಸರಿಹೋಗುತ್ತದೆ. ಆದರೆ ಮುಂದಿನ ಬೇಸಿಗೆಗೆ ಅದೇ ಬಾಗಿಲಿನ ಸಂದಿಯಲ್ಲಿ ಜಿರಲೆ ಸಲೀಸಾಗಿ ನುಸುಳುವಷ್ಟು ಜಾಗವಾಗಿರುತ್ತದೆ. ಕೀಸಿ ತೆಗೆದ ಮರವನ್ನು ಮತ್ತೆ ಅಂಟಿಸಲಾಗದು. ಹಾಗಾಗಿ ಕೀಸುಳಿ ಕೈಗೆತ್ತಿಕೊಳ್ಳುವ ಮೊದಲು ಒಂದು ವಿಷಯ ಖಚಿತವಾಗಬೇಕು: ಬಾಗಿಲು ಉಬ್ಬಿದೆಯೋ, ಜೋತಿದೆಯೋ? ಎರಡರ ಸದ್ದೂ ಒಂದೇ. ಕಾರಣ ಬೇರೆ, ರಿಪೇರಿಯೂ ಬೇರೆ.

ಮೊದಲು ಉಬ್ಬುವ ಬಾಗಿಲನ್ನು ನೋಡೋಣ.

ಮರವನ್ನು ಕಡಿದು, ಕೊಯ್ದು, ಪಾಲಿಶ್ ಹೊಡೆದ ಮೇಲೂ ಗಾಳಿಯ ಜೊತೆಗಿನ ಅದರ ಕೊಡುಕೊಳ್ಳುವಿಕೆ ನಿಲ್ಲುವುದಿಲ್ಲ. ತೇವದ ಗಾಳಿಯಲ್ಲಿರುವ ನೀರಿನ ಅಣುಗಳು ಮರದ ಕೋಶಗಳ ಗೋಡೆಯೊಳಗೆ ಸೇರಿ, ಅಲ್ಲಿನ ಸೆಲ್ಯುಲೋಸ್ ಎಳೆಗಳನ್ನು ಒಂದರಿಂದೊಂದು ದೂರ ಸರಿಸುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 30ರಷ್ಟಿದ್ದರೆ ಮರದೊಳಗಿನ ತೇವ ಅದರ ಒಣತೂಕದ ಶೇ 6ರ ಆಸುಪಾಸಿನಲ್ಲಿ ನೆಲೆಗೊಳ್ಳುತ್ತದೆ. ಆರ್ದ್ರತೆ ಶೇ 65ಕ್ಕೇರಿದರೆ ಮರದ ತೇವ ಸುಮಾರು ಶೇ 12 ಆಗುತ್ತದೆ, ಶೇ 80 ಮುಟ್ಟಿದರೆ ಸುಮಾರು ಶೇ 16. ತೇವ ಶೇ 30ರ ಹತ್ತಿರಕ್ಕೆ ಬರುವವರೆಗೂ ಮರ ಉಬ್ಬುತ್ತಲೇ ಇರುತ್ತದೆ. ಆಮೇಲೆ ಬರುವ ನೀರು ಕೋಶಗಳ ಟೊಳ್ಳಿನಲ್ಲಿ ನಿಲ್ಲುವುದರಿಂದ ಗಾತ್ರ ಹೆಚ್ಚುವುದಿಲ್ಲ.

ಈ ಉಬ್ಬು ಎಲ್ಲ ದಿಕ್ಕಿಗೂ ಒಂದೇ ಸಮನಲ್ಲ. ಎಳೆಗಳ ಉದ್ದಕ್ಕೆ ಮರ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೇನಿದ್ದರೂ ಅಡ್ಡಕ್ಕೆ. ಅಡ್ಡಕ್ಕೂ ಎರಡು ಲೆಕ್ಕ ಇವೆ. ಹಸಿ ತೇಗ ಪೂರ್ತಿ ಒಣಗುವಾಗ ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ಶೇ 2.5ರಷ್ಟು ಕುಗ್ಗಿದರೆ, ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು ಶೇ 5.8ರಷ್ಟು ಕುಗ್ಗುತ್ತದೆ. ಹದದಲ್ಲಿರುವ ಮರವೆಂದು ಹೆಸರಾದ ತೇಗದ ಪಾಡೇ ಇದು. 400 ಮಿಲಿಮೀಟರ್ ಅಗಲದ, ಉಂಗುರಗಳ ಗುಂಟ ಕೊಯ್ದ ತೇಗದ ಹಲಗೆಯ ತೇವ ಬೇಸಿಗೆಯ ಶೇ 10ರಿಂದ ಮಳೆಗಾಲದ ಶೇ 16ಕ್ಕೆ ಏರಿತೆನ್ನಿ. ಅದು ಸುಮಾರು 4.7 ಮಿಲಿಮೀಟರ್ ಅಗಲವಾಗುತ್ತದೆ. ಕಪಾಟಿನ ಬಾಗಿಲಿಗೆ ಸಾಮಾನ್ಯವಾಗಿ ಬಿಡುವ ಸಂದಿ ಎರಡು ಮೂರು ಮಿಲಿಮೀಟರ್ ಮಾತ್ರ. ಹಾಗಿರುವಾಗ ಬಾಗಿಲು ತಾಗದೆ ಬೇರೆ ದಾರಿಯೇ ಇಲ್ಲ.

ಹಳೆಯ ಕಾಲದ ಬಡಗಿಗಳು ಇದಕ್ಕೆ ಅಚ್ಚುಕಟ್ಟಾದ ಉತ್ತರ ಕಂಡುಕೊಂಡಿದ್ದರು. ಬಾಗಿಲನ್ನು ಒಂದೇ ಹಲಗೆಯಲ್ಲಿ ಮಾಡದೆ, ಸುತ್ತ ಕಿರಿದಾದ ಪಟ್ಟಿಗಳ ಚೌಕಟ್ಟು ಕಟ್ಟಿ, ಅವುಗಳಲ್ಲಿ ಕೊರೆದ ಗಾಡಿಯಲ್ಲಿ, ಅಂದರೆ ಉದ್ದನೆಯ ತೋಡಿನಲ್ಲಿ, ನಡುವಿನ ಹಲಗೆಯನ್ನು ಅಂಟು ಹಾಕದೆ ಕೂರಿಸುತ್ತಿದ್ದರು. ಹಲಗೆ ಗಾಡಿಯೊಳಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಹೊರಗಿನ ಅಳತೆಯನ್ನು ಬದಲಿಸುವುದು ಎರಡು ಬದಿಯ ನಿಲುವು ಪಟ್ಟಿಗಳು ಮಾತ್ರ. ತಲಾ 60 ಮಿಲಿಮೀಟರ್ ಅಗಲದ ಎರಡು ಪಟ್ಟಿಗಳಿದ್ದರೆ, ಅದೇ ಮಳೆಗಾಲದಲ್ಲಿ ಬಾಗಿಲು ಒಂದೂವರೆ ಮಿಲಿಮೀಟರ್‌ಗಿಂತ ಹೆಚ್ಚು ಅಗಲವಾಗುವುದಿಲ್ಲ. ಪ್ಲೈವುಡ್‌ನ ಜಾಣ್ಮೆಯೂ ಇದೇ ಸ್ವಭಾವವನ್ನು ನೆಚ್ಚಿಕೊಂಡಿದೆ. ಅದರಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಮುಂದಿನದರ ಎಳೆ ಅಡ್ಡಕ್ಕೆ. ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ ಪದರದ ಹಿಗ್ಗದ ಎಳೆಗಳು ಅದನ್ನು ಹಿಡಿದಿಡುತ್ತವೆ.

ಮರವನ್ನು ಎಷ್ಟರಮಟ್ಟಿಗೆ ಒಣಗಿಸಬೇಕೆಂಬುದು ಊರಿನ ಹವೆಗೆ ತಕ್ಕಂತೆ ಬದಲಾಗುತ್ತದೆ. ಭಾರತೀಯ ಮಾನಕ ಐಎಸ್ 287 ದೇಶವನ್ನು ಆರ್ದ್ರತೆಯ ಆಧಾರದ ಮೇಲೆ ನಾಲ್ಕು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲೂ ಬಾಗಿಲು, ಪೀಠೋಪಕರಣಗಳ ಮರದಲ್ಲಿ ಎಷ್ಟು ತೇವ ಇರಬಹುದೆಂದು ಹೇಳುತ್ತದೆ. ಕಲಬುರಗಿಯ ಒಣಹವೆಗೆ ಹೊಂದಿಕೊಂಡ ಕಪಾಟು ಮಂಗಳೂರಿಗೆ ಬಂದರೆ ಅಲ್ಲಿನ ಗಾಳಿಗೆ ತಕ್ಕಂತೆ ತೇವ ಹೀರಿ ಅಗಲವಾಗಲೇಬೇಕು.

ಇನ್ನು ಜೋತುಬಿದ್ದ ಬಾಗಿಲು. ಇಲ್ಲಿ ಮಳೆಯ ತಪ್ಪಿಲ್ಲ, ಭೂಮಿಯ ಸೆಳೆತ ಮತ್ತು ಸಡಿಲವಾದ ತಿರುಪುಗಳೇ ಕಾರಣ. ಬಾಗಿಲಿನ ಭಾರ ಅದರ ನಡುಮಧ್ಯದಿಂದ ಕೆಳಕ್ಕೆ ಎಳೆಯುತ್ತದೆ, ಆಧಾರವಿರುವುದು ಮಾತ್ರ ಒಂದು ಬದಿಯಲ್ಲಿ. ಇದರಿಂದ ಮೇಲಿನ ಬಿಜಾಗರಿ ಚೌಕಟ್ಟಿನಿಂದ ಹೊರಕ್ಕೆ ಎಳೆಯಲ್ಪಡುತ್ತದೆ, ಕೆಳಗಿನದು ಒಳಕ್ಕೆ ಒತ್ತಲ್ಪಡುತ್ತದೆ. ಮೊದಲು ಸೋಲುವುದು ಮೇಲಿನ ತಿರುಪುಗಳೇ. 450 ಮಿಲಿಮೀಟರ್ ಅಗಲದ ಬಾಗಿಲಿನಲ್ಲಿ ಎರಡು ಬಿಜಾಗರಿಗಳ ನಡುವೆ 600 ಮಿಲಿಮೀಟರ್ ಅಂತರವಿದ್ದು, ಮೇಲಿನದು ಒಂದೇ ಒಂದು ಮಿಲಿಮೀಟರ್ ಹೊರಬಂದರೂ ಹಿಡಿಕೆಯ ಬದಿಯ ಅಂಚು ಮುಕ್ಕಾಲು ಮಿಲಿಮೀಟರ್ ಕೆಳಗಿಳಿಯುತ್ತದೆ.

ಎರಡರ ವ್ಯತ್ಯಾಸ ಸಂದಿಯ ಆಕಾರದಲ್ಲೇ ಕಾಣುತ್ತದೆ. ಬಾಗಿಲು ಮುಚ್ಚಿ, ಎದುರು ನಿಂತು ನೋಡಬೇಕು. ಹಿಡಿಕೆಯ ಬದಿಯ ಸಂದಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಕಿರಿದಾಗಿದ್ದರೆ ಮರ ಉಬ್ಬಿದೆ. ಮೇಲ್ಗಡೆಯ ಸಂದಿ ಹಿಡಿಕೆಯ ಕಡೆಗೆ ಹೋಗುತ್ತ ಅಗಲವಾಗಿ, ಹಿಡಿಕೆಯ ಬದಿಯ ಮೇಲಿನ ಮೂಲೆ ಪಕ್ಕಕ್ಕೂ ಕೆಳಗಿನ ಮೂಲೆ ತಳಕ್ಕೂ ತಾಗುತ್ತಿದ್ದರೆ ಬಾಗಿಲು ಜೋತಿದೆ. ತಾಗುವ ಜಾಗ ಸರಿಯಾಗಿ ಕಾಣದಿದ್ದರೆ ಚೌಕಟ್ಟಿನ ಒಳಮೈಗೆ ಸೀಮೆಸುಣ್ಣ ಬಳಿದು ಒಮ್ಮೆ ಮುಚ್ಚಿ ತೆರೆದರಾಯಿತು, ಬಾಗಿಲಿನ ಮೇಲೆ ಬಿಳಿ ಗುರುತು ಮೂಡಿರುತ್ತದೆ.

ಜೋತ ಬಾಗಿಲಿಗೆ ಕೀಸುಳಿ ಬೇಡವೇ ಬೇಡ. ಎರಡು ರೆಕ್ಕೆಯ ಬಿಜಾಗರಿಯಾದರೆ ಮೊದಲು ತಿರುಪುಗಳನ್ನು ಬಿಗಿ ಮಾಡಬೇಕು. ತೂತು ಸವೆದು ತಿರುಪು ಸುಮ್ಮನೆ ಸುತ್ತುತ್ತಿದ್ದರೆ, ಬಿದಿರಿನ ಸಣ್ಣ ಕಡ್ಡಿಗಳಿಗೆ ಮರದ ಅಂಟು ಸವರಿ ತೂತಿನಲ್ಲಿ ತುಂಬಿ, ಒಣಗಿದ ಮೇಲೆ ಅದೇ ತಿರುಪನ್ನು ಹಾಕಿದರೆ ಹಿಡಿತ ಮರಳುತ್ತದೆ. ಬಿಗಿಯಾದ ಮೇಲೂ ಮೇಲಿನ ಮೂಲೆ ತಾಗುತ್ತಿದ್ದರೆ ಕೆಳಗಿನ ಬಿಜಾಗರಿಯ ಹಿಂದೆ ಒಂದು ತುಂಡು ರಟ್ಟು ಇಡಬೇಕು. ತಾಗುವುದು ಮೇಲೆ, ರಟ್ಟು ಕೆಳಗೆ! ಕೆಳಭಾಗ ತುಸು ಹೊರಕ್ಕೆ ಸರಿದಾಗ ಇಡೀ ಬಾಗಿಲು ತಿರುಗಿ, ಹಿಡಿಕೆಯ ಬದಿ ಮೇಲೇಳುತ್ತದೆ.

ಇಂದಿನ ಮಾಡ್ಯುಲರ್ ಅಡುಗೆಮನೆಗಳಲ್ಲಿ ಇರುವುದು ಬಡಗಿಗಳು ಆಟೋ ಹಿಂಜಸ್ ಎಂದು ಕರೆಯುವ ಬಟ್ಟಲು ಬಿಜಾಗರಿ. ಬಾಗಿಲಿನ ಒಳಮೈಯಲ್ಲಿ 35 ಮಿಲಿಮೀಟರ್ ವ್ಯಾಸದ ಗುಂಡಿ ಕೊರೆದು ಅದರ ಬಟ್ಟಲನ್ನು ಕೂರಿಸುತ್ತಾರೆ. ಬಟ್ಟಲಿನಿಂದ ಹೊರಟ ತೋಳು ಕಪಾಟಿನ ಪಕ್ಕೆಗೆ ಕೂಡಿಸಿದ ಪ್ಲೇಟಿನ ಮೇಲೆ ಕೂರುತ್ತದೆ. ಒಳಗಿನ ನಾಲ್ಕು ಕೀಲುಗಳ ಜೋಡಣೆಯಿಂದಾಗಿ ಬಾಗಿಲು ಒಂದೇ ಬಿಂದುವಿನ ಸುತ್ತ ತಿರುಗುವುದಿಲ್ಲ, ತಿರುಗುವ ಬಿಂದುವೇ ಸರಿಯುತ್ತಾ ಹೋಗುತ್ತದೆ. ಆದ್ದರಿಂದಲೇ ಒತ್ತೊತ್ತಾಗಿ ಜೋಡಿಸಿದ ಬಾಗಿಲುಗಳು ತೆರೆಯುವಾಗ ಪಕ್ಕದ ಬಾಗಿಲಿಗೆ ತಾಗುವುದಿಲ್ಲ. ಇಂಥ ಬಿಜಾಗರಿಗಳಿಗೆ ಈಗ ಲೋಕಪ್ರಸಿದ್ಧವಾಗಿರುವ ಆಸ್ಟ್ರಿಯಾದ ಬ್ಲಮ್ ಕಂಪನಿ 1952ರಲ್ಲಿ ಶುರುವಾದದ್ದು ಕುದುರೆ ಲಾಳದ ಸ್ಟಡ್‌ಗಳಿಂದ.

ಈ ಬಿಜಾಗರಿಯಲ್ಲಿ ಹೊಂದಾಣಿಕೆಯ ತಿರುಪುಗಳಿವೆ. ಸಾಮಾನ್ಯವಾಗಿ ತೋಳಿನ ಮೇಲೆ ಬಾಗಿಲಿಗೆ ಹತ್ತಿರವಿರುವ ತಿರುಪು ಬಾಗಿಲನ್ನು ಎಡಬಲಕ್ಕೆ ಸರಿಸುತ್ತದೆ, ಹಿಂದಿನದು ಒಳಹೊರಗೆ, ಪ್ಲೇಟಿನ ತಿರುಪುಗಳು ಮೇಲೆ ಕೆಳಗೆ. ಪ್ರತಿ ದಿಕ್ಕಿಗೂ ಸಿಗುವುದು ಸುಮಾರು 2 ಮಿಲಿಮೀಟರ್ ಅವಕಾಶ. ಜೋತ ಬಾಗಿಲಿಗೆ ಮೇಲಿನ ಬಿಜಾಗರಿಯ ಎಡಬಲ ತಿರುಪನ್ನು ಬಾಗಿಲು ಬಿಜಾಗರಿಯ ಕಡೆಗೆ ಬರುವಂತೆಯೂ, ಕೆಳಗಿನದನ್ನು ಆಚೆ ಹೋಗುವಂತೆಯೂ ತಿರುಗಿಸಬೇಕು. ಒಮ್ಮೆಗೆ ಅರ್ಧ ಸುತ್ತು ತಿರುಗಿಸಿ, ಮುಚ್ಚಿ ನೋಡಿ, ಮುಂದುವರಿಯುವುದು ಕ್ಷೇಮ. ತಿರುಪಿನ ತಲೆಯಲ್ಲಿ ಪ್ಲಸ್ ಗುರುತಿನ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆಗಳಿದ್ದರೆ ಅದು ಪೋಝಿಡ್ರೈವ್. ಅದಕ್ಕೆ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಸವೆಯುತ್ತದೆ.

ಉಬ್ಬಿದ ಬಾಗಿಲಿಗೂ ಮೊದಲ ಚಿಕಿತ್ಸೆ ಈ ತಿರುಪುಗಳೇ. ಅವುಗಳ ಅವಕಾಶ ಮುಗಿದ ಮೇಲೆ, ಗಟ್ಟಿಮರದ ಬಾಗಿಲಾದರೆ ಮಾತ್ರ ಕೀಸುವ ಮಾತು. ಅದನ್ನೂ ಜಡಿಮಳೆಯಲ್ಲಿ ಮಾಡುವಾಗ, ತಾಗದಿರಲು ಬೇಕಾದಷ್ಟನ್ನೇ ತೆಗೆದು ನಿಲ್ಲಿಸಬೇಕು. ಮೇಲಿನ, ಕೆಳಗಿನ ಅಂಚುಗಳನ್ನು ಮೂಲೆಯಿಂದ ಒಳಕ್ಕೆ ಕೀಸಬೇಕು, ಹೊರಕ್ಕೆ ಕೀಸಿದರೆ ತುದಿಯ ಮರ ಸಿಬಿರೇಳುತ್ತದೆ. ಬಯಲಾದ ಅಂಚಿಗೆ ಮರ ಒಣಗಿದ ಕೂಡಲೇ ವಾರ್ನಿಷ್ ಅಥವಾ ಬಣ್ಣ ಹಚ್ಚಬೇಕು. ಇದರಿಂದ ತೇವ ಒಳಹೋಗುವುದು ಪೂರ್ತಿ ನಿಲ್ಲದಿದ್ದರೂ ಸಾಕಷ್ಟು ನಿಧಾನವಾಗುತ್ತದೆ.

ಸಿಂಕಿನ ಕೆಳಗಿನ ಪಾರ್ಟಿಕಲ್ ಬೋರ್ಡ್ ಬಾಗಿಲಿಗೆ ಮಾತ್ರ ಈ ಯಾವ ಉಪಾಯವೂ ನಾಟುವುದಿಲ್ಲ. ಮರದ ಚೂರುಗಳನ್ನು ಅಂಟಿನೊಡನೆ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ ಅದು. ನೀರು ಕುಡಿದಾಗ ಒತ್ತಿಟ್ಟ ಚೂರುಗಳು ಬಿಚ್ಚಿಕೊಳ್ಳುತ್ತವೆ, ಒಣಗಿದರೂ ಹಳೆಯ ದಪ್ಪಕ್ಕೆ ಮರಳುವುದಿಲ್ಲ. ಕೆಳಗಿನ ಅಂಚು ಊದಿಕೊಂಡಿದ್ದರೆ ಮೊದಲು ಸಿಂಕಿನ ಸೋರಿಕೆ ನಿಲ್ಲಿಸಿ, ಆಮೇಲೆ ಬಾಗಿಲು ಬದಲಿಸಬೇಕು. ಹೊಸದನ್ನು ಕೂರಿಸುವ ಮುನ್ನ ಅದರ ನಾಲ್ಕೂ ಅಂಚುಗಳಿಗೆ ಪಟ್ಟಿ ಅಂಟಿಸಿದ್ದಾರೆಯೇ, ಬಟ್ಟಲಿಗೆ ಕೊರೆದ ಗುಂಡಿಯ ಒಳಮೈಗೆ ವಾರ್ನಿಷ್ ಬಳಿದಿದ್ದಾರೆಯೇ ಎಂದು ನೋಡಿಕೊಳ್ಳಬೇಕು.