ಗಾಜಿನ ಪೆಟ್ಟಿಗೆಯಲ್ಲಿ ಮಂಡೂಕ

ಮಳೆ ಕೈಕೊಟ್ಟರೆ ಕಪ್ಪೆಗಳಿಗೆ ಮದುವೆ ಮಾಡಿಸುವ ನಾಡು ನಮ್ಮದು. ಕಪ್ಪೆಯನ್ನು ಮನೆಯೊಳಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸ ಮಾತ್ರ ಇತ್ತೀಚಿನದು. ಜಯನಗರ, ಜೆ.ಪಿ. ನಗರದ ಕಡೆ ಅಂಥ ಒಂದೆರಡು ಮನೆಗಳನ್ನು ಕಂಡಿದ್ದೇನೆ. ಪೆಟ್ಟಿಗೆಯೊಳಗೆ ಜರಿಗಿಡ, ಪಾಚಿ, ಮನಿಪ್ಲಾಂಟ್. ಎಲೆಯೊಂದರ ಮೇಲೆ ಹಸಿರು ಮುದ್ದೆಯಂತೆ ಕುಳಿತ ಆಸ್ಟ್ರೇಲಿಯಾ ಮೂಲದ ಮರಗಪ್ಪೆ. ನೋಡಲು ಸೊಗಸೇ. ಆದರೆ ಈ ಸೊಗಸಿನ ಜಮಾಖರ್ಚನ್ನು ತುಸು ಪರಿಶೀಲಿಸುವುದು ಒಳ್ಳೆಯದು.

ಕೊಳ್ಳುವ ಬೆಲೆ ಬೇರೆ, ಪೋಷಿಸುವ ವೆಚ್ಚ ಬೇರೆ. ಈ ಮರಗಪ್ಪೆ ಸರಿಯಾದ ಆರೈಕೆಯಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಆರನೆಯ ತರಗತಿಯ ಬಾಲಕ ಹಟ ಹಿಡಿದು ತರಿಸಿಕೊಂಡ ಕಪ್ಪೆ, ಅವನು ಓದು ಮುಗಿಸಿ ಉದ್ಯೋಗಕ್ಕೆ ಸೇರಿದ ಮೇಲೂ ಅಪ್ಪ-ಅಮ್ಮಂದಿರ ಪಾಲಿಗೆ ಉಳಿದಿರುತ್ತದೆ ಎಂದರ್ಥ.

ಕಪ್ಪೆ ಬಾಯಿಂದ ನೀರು ಕುಡಿಯುವ ಪ್ರಾಣಿಯಲ್ಲ. ಚರ್ಮದ ಮೂಲಕವೇ ನೀರನ್ನು ಹೀರುತ್ತದೆ, ಉಸಿರಾಟವನ್ನೂ ಭಾಗಶಃ ಚರ್ಮದಿಂದಲೇ ನಡೆಸುತ್ತದೆ. ಆದ್ದರಿಂದ ಮನೆಯ ನೀರಿನಲ್ಲಿ, ಗಾಳಿಯಲ್ಲಿ, ನಮ್ಮ ಕೈಯಲ್ಲಿ ಏನಿದೆಯೋ ಅದು ನೇರವಾಗಿ ಅದರ ರಕ್ತಕ್ಕೆ ಸೇರುತ್ತದೆ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು ನೂರು ಕಿಲೋಮೀಟರ್ ದೂರ ಹರಿದು ಬರುವ ಕಾವೇರಿ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ನಮಗದು ರಕ್ಷಣೆ, ಕಪ್ಪೆಗೆ ಉರಿ. ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದರ ಬಹುಪಾಲು ಹಾರಿಹೋಗುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ದೊರೆಯುವ ಕ್ಲೋರಿನ್ ನಿವಾರಕ ದ್ರಾವಣದ ಕೆಲವು ಹನಿ ಬೆರೆಸುವುದು ಇನ್ನೂ ಖಚಿತ. ಅಪಾರ್ಟ್‌ಮೆಂಟುಗಳಲ್ಲಿ ಸಮಸ್ಯೆ ಬೇರೆ ತೆರನಾದುದು. ಕೊಳವೆಬಾವಿಯ ಅಥವಾ ಟ್ಯಾಂಕರಿನ ಗಡಸು ನೀರನ್ನು ಅಲ್ಲಿ ಉಪ್ಪು ಬಳಸುವ ಯಂತ್ರದಿಂದ ಮೆದುಗೊಳಿಸುತ್ತಾರೆ. ಹಾಗೆ ಸೋಡಿಯಂ ತುಂಬಿಕೊಂಡ ನೀರು ಕಪ್ಪೆಗೆ ಸಲ್ಲದು. ತಟ್ಟೆಯ ನೀರನ್ನು ದಿನವೂ ಬದಲಿಸಲೇಬೇಕು, ಏಕೆಂದರೆ ಕಪ್ಪೆಯ ವಿಸರ್ಜನೆಯೂ ಅದರಲ್ಲೇ.

ಸಂಜೆಯಾದರೆ ನಮ್ಮ ಮನೆಗಳಲ್ಲಿ ಸೊಳ್ಳೆ ನಿವಾರಕದ ಸ್ವಿಚ್ ಒತ್ತುವುದು ದೀಪ ಹಚ್ಚಿದಷ್ಟೇ ಸಹಜ. ಆ ದ್ರವದಲ್ಲಿರುವ ಪೈರೆಥ್ರಾಯ್ಡ್ ವರ್ಗದ ಕೀಟನಾಶಕ ಉಭಯಚರಗಳಿಗೂ ವಿಷ. ಪೆಟ್ಟಿಗೆಯಿರುವ ಕೋಣೆಯಲ್ಲಿ ಅದಕ್ಕೂ ಅಗರಬತ್ತಿಗೂ ಪ್ರವೇಶವಿರಬಾರದು. ನರ್ಸರಿಯಿಂದ ತಂದ ಗಿಡವನ್ನೂ ನಂಬುವಂತಿಲ್ಲ. ಬುಡದ ಮಣ್ಣನ್ನೆಲ್ಲ ತೊಳೆದು, ಕೆಲವು ವಾರ ಹೊರಗೆ ಬೆಳೆಸಿದ ಬಳಿಕವೇ ಒಳಗೆ ನೆಡಬೇಕು. ತಳದಲ್ಲಿ ನೀರು ಬಸಿಯಲು ಬೆಣಚುಕಲ್ಲಿನ ಪದರ, ಅದರ ಮೇಲೊಂದು ಜಾಲರಿ, ಮೇಲೆ ಚೆನ್ನಾಗಿ ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿ, ಒಣ ಎಲೆ. ಗಾಳಿಯಾಡಲು ಮೇಲ್ಗಡೆ ಸಣ್ಣ ಬಲೆಯಿರಲಿ. ಕಿಟಕಿಯ ಬಿಸಿಲಿಗೆ ಪೆಟ್ಟಿಗೆ ಇಟ್ಟರೆ ಏಪ್ರಿಲ್ ತಿಂಗಳಲ್ಲಿ ಅದು ಒಲೆಯೇ ಆದೀತು.

ಆಹಾರದ ವಿಷಯದಲ್ಲಿ ನಮ್ಮವರ ಔದಾರ್ಯವೇ ಶತ್ರು. ಬೆಳೆದ ಮರಗಪ್ಪೆಗೆ ವಾರಕ್ಕೆ ಎರಡು ಮೂರು ಬಾರಿ, ಕ್ಯಾಲ್ಸಿಯಂ ಪುಡಿ ಸವರಿದ ಜೀವಂತ ಮಿಡತೆಯೋ ಜೀರುಂಡೆಯೋ ಸಾಕು. ದಿನವೂ ಉಣಿಸಿದರೆ ಬೊಜ್ಜು ಬಂದು ಸಾಯುತ್ತದೆ. ಕ್ಯಾಲ್ಸಿಯಂ ತಪ್ಪಿದರೆ ಎಲುಬು ಬಾಗುತ್ತದೆ. ಮುದ್ದು ಬಂದಾಗಲೆಲ್ಲ ಎತ್ತಿಕೊಳ್ಳುವ ಪ್ರಾಣಿಯೂ ಇದಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. ಸರ್ಕಾರಿ ಸೇವೆಯಲ್ಲಿದ್ದವನ ಅಭ್ಯಾಸಬಲವೆನ್ನಿ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಅವನ್ನು ನೋಂದಾಯಿಸಬೇಕು. ಬಣ್ಣಬಣ್ಣದ ಅಮೆರಿಕದ ವಿಷಗಪ್ಪೆಗಳು ಈ ಪಟ್ಟಿಗೆ ಸೇರಿವೆ. ಪಟ್ಟಿಯಲ್ಲಿಲ್ಲದ ಕಪ್ಪೆಯಾದರೂ ಎಲ್ಲಿಂದ ಬಂತೆಂದು ಕೇಳುವ ಹಕ್ಕು ಕೊಳ್ಳುವವನಿಗಿದೆ. ಬ್ಯಾಂಕಾಕ್‌ನಿಂದ ಸೂಟ್‌ಕೇಸಿನಲ್ಲಿ ತುರುಕಿ ತಂದ ವಿದೇಶಿ ಪ್ರಾಣಿಗಳು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿವೆ. ಸಿಕ್ಕಿಬೀಳದವು ಯಾವ ಅಂಗಡಿ ಸೇರುತ್ತವೆಂಬುದನ್ನು ಓದುಗರೇ ಊಹಿಸಲಿ.

ಈ ವ್ಯಾಪಾರದೊಡನೆ ರೋಗವೂ ಪ್ರಯಾಣ ಮಾಡುತ್ತದೆ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರದಿಂದ ಜಗತ್ತಿನ 501 ಉಭಯಚರ ಪ್ರಭೇದಗಳು ಕ್ಷೀಣಿಸಿವೆ, ಅವುಗಳಲ್ಲಿ 90 ಅಳಿದಿರಬಹುದು ಎಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ವೆಚ್ಚ ಎನ್ನುತ್ತಾರೆ: ಸುಖ ಒಬ್ಬನದು, ಬಿಲ್ಲು ಇನ್ನೊಬ್ಬನ ಹೆಸರಿಗೆ. ಇಲ್ಲಿ ಆ ಇನ್ನೊಬ್ಬ, ನಮ್ಮ ಊರಿನ ಕಪ್ಪೆ. ಬೆಂಗಳೂರಿನ ಹೊರವಲಯದಲ್ಲಿ ಕಂಡುಬಂದ ಬಿಲಗಪ್ಪೆಯೊಂದನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ಗುರುತಿಸಿ, ಅದಕ್ಕೆ ಈ ನಗರದ ಹೆಸರನ್ನೇ ಇಟ್ಟದ್ದು 2020ರಲ್ಲಿ. ಇನ್ನೂ ಪೂರ್ತಿ ಪರಿಚಯವೇ ಆಗದ ನೆರೆಯವರಿಗೆ ಹೊರಗಿನ ಸೋಂಕು ತಂದಿಡುವುದು ಯಾವ ನ್ಯಾಯ?

ಸಾಕಲಾಗದಿದ್ದರೆ ಸಾರಕ್ಕಿ ಕೆರೆಗೋ ಪುಟ್ಟೇನಹಳ್ಳಿ ಕೆರೆಗೋ ಬಿಟ್ಟು ಪುಣ್ಯ ಕಟ್ಟಿಕೊಳ್ಳೋಣ ಎನ್ನುವವರಿದ್ದಾರೆ. ನಮ್ಮದೇ ದೊಡ್ಡ ಹಳದಿ ಕಪ್ಪೆ, ಇಂಡಿಯನ್ ಬುಲ್‌ಫ್ರಾಗ್, ಮನುಷ್ಯರ ಮೂಲಕ ಅಂಡಮಾನ್ ದ್ವೀಪಗಳನ್ನು ಸೇರಿ, ಅದರ ಗೊದಮೊಟ್ಟೆಗಳು ಅಲ್ಲಿನ ಕಪ್ಪೆಗಳ ಮರಿಗಳನ್ನು ತಿನ್ನುತ್ತಿವೆ. ಕೆರೆಗೆ ಬಿಡುವ ಬದಲು, ಸಾಕಿ ಬಲ್ಲ ಇನ್ನೊಬ್ಬರಿಗೆ ಒಪ್ಪಿಸಬೇಕು. ಪಟ್ಟಿಯಲ್ಲಿರುವ ಪ್ರಾಣಿಯಾದರೆ ಅರಣ್ಯ ಇಲಾಖೆಗೆ ತಿಳಿಸಿಯೇ ಕೈ ಬದಲಿಸಬೇಕು. ಪೆಟ್ಟಿಗೆ ತೊಳೆದ ನೀರನ್ನು ಬ್ಲೀಚಿಂಗ್ ಪುಡಿ ಬೆರೆಸಿ ಕೆಲಹೊತ್ತು ಇಟ್ಟು, ಆಮೇಲೆ ಶೌಚಾಲಯಕ್ಕೆ ಸುರಿಯಬೇಕು. ಮನೆ ಮುಂದಿನ ಮಳೆನೀರಿನ ಚರಂಡಿಗಲ್ಲ, ಅದು ಕೆರೆಯ ದಾರಿ.