ಮನಸ್ಸಿಗೆ ಮದ್ದು, ಮೈಗೆ ಎಚ್ಚರ

ದೇಹ ಮತ್ತು ಮನಸ್ಸು ಒಂದೇ ಮನೆಯ ಎರಡು ಅಂಕಣಗಳು. ಒಂದರಲ್ಲಿ ಹಚ್ಚಿದ ದೀಪದ ಬೆಳಕು ಇನ್ನೊಂದಕ್ಕೂ ಹರಿಯುವದು, ಹೊಗೆಯೂ ಹರಿಯುವದು. ಮನೋವ್ಯಾಧಿಯ ಔಷಧಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುವದು.

1952ರಲ್ಲಿ ಫ್ರಾನ್ಸ್ ದೇಶದಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದಂದಿನಿಂದ ಮನೋರೋಗ ಚಿಕಿತ್ಸೆಯ ದಿಕ್ಕೇ ಬದಲಾಯಿತು. ತರುವಾಯ ಬಂದ ಕ್ಲೋಜಪಿನ್, ಓಲಾಂಜಪಿನ್, ರಿಸ್ಪೆರಿಡೋನ್ ಮುಂತಾದವು ಭ್ರಮೆ, ಭೀತಿ, ಉದ್ರೇಕಗಳನ್ನು ಶಮನಗೊಳಿಸಿ ಅನೇಕ ತರುಣರನ್ನು ಮರಳಿ ಶಾಲೆಗೆ ತಂದಿವೆ. ಆದರೆ ಇವು ಹಸಿವನ್ನು ಕೆರಳಿಸುವವು, ಇನ್ಸುಲಿನ್ನಿನ ಪ್ರಭಾವವನ್ನು ಕುಗ್ಗಿಸುವವು. ಪರಿಣಾಮವಾಗಿ ತೂಕವೂ ರಕ್ತದೊಳಗಿನ ಸಕ್ಕರೆ, ಕೊಬ್ಬುಗಳೂ ಏರುವ ಸಂಭವವುಂಟು. ಈ ದೋಷ ಕ್ಲೋಜಪಿನ್, ಓಲಾಂಜಪಿನ್‌ಗಳಲ್ಲಿ ಹೆಚ್ಚು, ಅರಿಪಿಪ್ರಜೋಲಿನಲ್ಲಿ ಕಡಿಮೆ. ಪ್ರೌಢರಿಗಿಂತ ಎಳೆಯರಲ್ಲಿ ತೂಕ ಬೇಗನೆ ಏರುವದು. ಮಗ ಮೈಕೈ ತುಂಬಿಕೊಂಡನೆಂದು ಮನೆಯವರು ಹಿಗ್ಗುವ ಹೊತ್ತಿಗೆ ಒಳಗೆ ಸಕ್ಕರೆ ಏರಿರಬಹುದು.

ಮೊದಲೇ ಚಯಾಪಚಯದ ದೋಷವುಳ್ಳ ಮಕ್ಕಳಲ್ಲಿ ಇಮ್ಮಡಿ ಎಚ್ಚರ ಅವಶ್ಯ. ಮಧುಮೇಹವಿದ್ದವರಿಗೆ ಇನ್ಸುಲಿನ್ನಿನ ಪ್ರಮಾಣವನ್ನು ಮತ್ತೆ ಗೊತ್ತುಪಡಿಸಬೇಕಾದೀತು. ಅಮೋನಿಯಾವನ್ನು ಯೂರಿಯಾ ಆಗಿ ಮಾರ್ಪಡಿಸುವ ಶಕ್ತಿ ಹುಟ್ಟಿನಿಂದಲೇ ಕುಂದಿದ್ದವರಿಗೆ ವಾಲ್ಪ್ರೊಯೇಟ್ ಪ್ರಾಣಾಪಾಯವನ್ನೇ ತರಬಲ್ಲದು. ಆದುದರಿಂದ ಮಗುವಿನ ಹಿಂದಿನ ಕಾಯಿಲೆಗಳನ್ನೆಲ್ಲ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಪರಿಹಾರದ ಮೊದಲ ಮೆಟ್ಟಿಲು ಅಳತೆ. 2004ರಲ್ಲಿ ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು ಕೂಡಿ ಒಂದು ಕ್ರಮವನ್ನು ಸೂಚಿಸಿದವು. ಈ ವರ್ಗದ ಔಷಧವನ್ನು ಆರಂಭಿಸುವ ಮುನ್ನ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳನ್ನು ನೋಡಬೇಕು. 4, 8, 12ನೆಯ ವಾರಗಳಲ್ಲಿ ತೂಕವನ್ನು, 12ನೆಯ ವಾರದಲ್ಲಿ ಸಕ್ಕರೆಯನ್ನು ಮತ್ತೆ ಪರೀಕ್ಷಿಸಬೇಕು. ತೂಕ ನೂರಕ್ಕೆ 5ರಷ್ಟು ಏರಿದರೆ ಔಷಧ ಬದಲಿಸುವ ವಿಚಾರ ಮಾಡಬೇಕು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಕುಟುಂಬಗಳಿಗೆ ಮನೋವ್ಯಾಧಿಯೆಂದರೆ ಧಾರವಾಡದ ಆಸ್ಪತ್ರೆಯೇ ನೆನಪಾಗುವದು. 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ಧಾರವಾಡವೇ ಇವರ ಜಿಲ್ಲಾ ಕೇಂದ್ರವಾಗಿತ್ತು. ಔಷಧದ ನಿರ್ಣಯ ತಜ್ಞರದು, ನಿಜ. ತೂಕ, ಸಕ್ಕರೆಗಳ ಪರೀಕ್ಷೆ ಮಾತ್ರ ತಾಲೂಕಾ ಆಸ್ಪತ್ರೆಯಲ್ಲಿಯೇ ಆಗುವಂಥದು. ಫಲಿತಾಂಶವನ್ನು ಒಂದು ವಹಿಯಲ್ಲಿ ಬರೆದಿಟ್ಟು ತಜ್ಞರಿಗೆ ತೋರಿಸಿದರೆ ಸಾಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ, ತೂಕಕ್ಕೆ ಅಂಜಿ ಗುಳಿಗೆಯನ್ನು ತಟ್ಟನೆ ನಿಲ್ಲಿಸುವದು. ಹಾಗೆ ಮಾಡಿದರೆ ಅಡಗಿದ ವ್ಯಾಧಿ ಮತ್ತೆ ತಲೆಯೆತ್ತಬಹುದು. ಪ್ರಮಾಣ ತಗ್ಗಿಸುವದು, ಔಷಧ ಬದಲಿಸುವದು, ಮೆಟ್‌ಫಾರ್ಮಿನ್ ಸೇರಿಸುವದು ಇವೆಲ್ಲ ವೈದ್ಯರ ಕೈಯಲ್ಲಿರುವ ದಾರಿಗಳು.

ಇಲ್ಲಿ ಶಿಕ್ಷಕರ ಪಾತ್ರ ಹಿರಿದು. ತರಗತಿಯಲ್ಲಿ ತೂಕಡಿಸುವ ಹುಡುಗ ಸೋಮಾರಿಯಾಗಿರಲಿಕ್ಕಿಲ್ಲ. ಮೇಲಿಂದ ಮೇಲೆ ನೀರು ಕುಡಿದು ಹೊರಗೆ ಹೋಗಲು ಅಪ್ಪಣೆ ಬೇಡುವವನಲ್ಲಿ ಸಕ್ಕರೆ ಏರಿರಬಹುದು. ಅವನನ್ನು ಗದರಿಸುವ ಮುನ್ನ ತಾಯಿತಂದೆಗಳನ್ನು ಕರೆಸಿ, ಗುಟ್ಟಾಗಿ, ಗೌರವದಿಂದ ವಿಚಾರಿಸುವದು ಲೇಸು. ದಾನಿಗಳು ವಿದ್ಯಾರ್ಥಿನಿಲಯಕ್ಕೆ ಒಂದು ತೂಕದ ಯಂತ್ರವನ್ನು ಕೊಟ್ಟರೂ ಅದು ಸಣ್ಣ ದಾನವಲ್ಲ.