ಗದ್ದದ ಆಸರೆ ಬಿಟ್ಟ ವಯೊಲಿನ್

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಕೆಲಸ ಸಿಗುವುದೆಂದರೆ ಪಾಶ್ಚಾತ್ಯ ಸಂಗೀತದ ವಾದಕನೊಬ್ಬ ದಡ ಸೇರಿದ ಹಾಗೆ. ಸ್ಟ್ಯಾನ್ಲಿ ರಿಚಿ 1965ರಿಂದ 1970ರವರೆಗೆ ಅಲ್ಲಿ ಸಹ ಕನ್ಸರ್ಟ್‌ಮಾಸ್ಟರ್, ಅಂದರೆ ವಯೊಲಿನ್ ಬಳಗದ ಸಹನಾಯಕ, ಆಗಿದ್ದರು. ಹುಟ್ಟಿದ್ದು 1935ರಲ್ಲಿ, ಆಸ್ಟ್ರೇಲಿಯಾದಲ್ಲಿ. ಸಿಡ್ನಿಯ ಸಂಗೀತ ಶಾಲೆಯಲ್ಲಿ ಕಲಿತು, ಪ್ಯಾರಿಸ್ಸಿಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ಬಂದು ಜೋಸೆಫ್ ಫುಕ್ಸ್, ಆಸ್ಕರ್ ಶುಮ್‌ಸ್ಕಿಯಂಥ ಗುರುಗಳಲ್ಲಿ ಪಳಗಿದವರು. 1970ರಲ್ಲಿ ಅವರು ಒಪೆರಾ ಬಿಟ್ಟರು. ಅದೇ ವರ್ಷ ಹಾರ್ಪ್ಸಿಕಾರ್ಡ್ ವಾದಕ ಆಲ್ಬರ್ಟ್ ಫುಲ್ಲರ್ ಅವರ ಜೊತೆ ನುಡಿಸತೊಡಗಿದರು. ಬಾಕ್, ವಿವಾಲ್ಡಿಯರ ಕಾಲದ, ಅಂದರೆ ಬರೋಕ್ ಯುಗದ, ವಯೊಲಿನ್ ವಾದನದ ಗೀಳು ಹತ್ತಿದ್ದು ಆಗ. ಕೈಗೆ ಬಂದಿದ್ದ ವಿದ್ಯೆಯನ್ನು ಪಕ್ಕಕ್ಕಿಟ್ಟು, ಮೂವತ್ತೈದರ ಆಸುಪಾಸಿನಲ್ಲಿ ಅವರು ವಾದ್ಯ ಹಿಡಿಯುವುದನ್ನೇ ಹೊಸದಾಗಿ ಕಲಿಯಬೇಕಾಯಿತು.

ಕಲಿಸುವವರು ಯಾರು? ಅದೇ ದೊಡ್ಡ ತೊಡಕು. ನಮ್ಮಲ್ಲಿ ಒಂದು ಬಾನಿ ಉಳಿಯುವುದು ಗುರುವಿನ ಕೈಯಿಂದ ಶಿಷ್ಯನ ಕೈಗೆ. ಬರೋಕ್ ವಯೊಲಿನ್ನಿನ ಮಟ್ಟಿಗೆ ಯುರೋಪಿನಲ್ಲಿ ಆ ಸರಪಳಿ ಹತ್ತೊಂಬತ್ತನೆಯ ಶತಮಾನದಲ್ಲೇ ತುಂಡಾಗಿತ್ತು. ದೊಡ್ಡ ಸಭಾಂಗಣಗಳು ಬಂದವು, ದೊಡ್ಡ ನಾದ ಬೇಕಾಯಿತು. ಸ್ಟ್ರಾಡಿವರಿಯಂಥವರು ಮಾಡಿದ ವಾದ್ಯಗಳ ಕುತ್ತಿಗೆಯನ್ನೇ ಬಿಚ್ಚಿ, ಉದ್ದವಾದುದನ್ನು, ಹಿಂದಕ್ಕೆ ಹೆಚ್ಚು ಬಾಗಿದುದನ್ನು ಜೋಡಿಸಿದರು. ಕಮಾನು ಬದಲಾಯಿತು. ಕುರಿಯ ಕರುಳಿನ ತಂತಿಯ ಜಾಗಕ್ಕೆ ಕ್ರಮೇಣ ಲೋಹ ಬಂತು. 1820ರ ಸುಮಾರಿಗೆ ಜರ್ಮನಿಯ ಲೂಯಿ ಶ್ಪೋರ್ ವಾದ್ಯಕ್ಕೆ ಚಿನ್‌ರೆಸ್ಟ್, ಅಂದರೆ ಗದ್ದ ಊರುವ ಪಟ್ಟಿ, ಸೇರಿಸಿದ. ಹಳೆಯ ಹಿಡಿತ ಬಲ್ಲ ಗುರು ಇಲ್ಲದ ಮೇಲೆ ಉಳಿದದ್ದು ಪುಸ್ತಕಗಳು: 1751ರಲ್ಲಿ ಬಂದ ಜೆಮಿನಿಯಾನಿಯ ಕೈಪಿಡಿ, 1756ರಲ್ಲಿ ಬಂದ ಲಿಯೊಪೋಲ್ಡ್ ಮೊಜಾರ್ಟ್‌ನ ಗ್ರಂಥ. ಓದಿದ್ದನ್ನು ಬೆರಳಿಗೆ ಇಳಿಸುವುದೇ ರಿಚಿ ಮತ್ತು ಅವರ ಓರಗೆಯವರು ಹೊತ್ತ ಹೊಣೆ.

ಒಂದು ಸಣ್ಣ ಮರದ ಪಟ್ಟಿಯಿಂದ ಇಷ್ಟೆಲ್ಲ ವ್ಯತ್ಯಾಸವೇ ಎಂದು ಕೇಳಬಹುದು. ಕರ್ನಾಟಕ ಸಂಗೀತ ಕೇಳುವವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ವಿದ್ವಾಂಸರು ನೆಲದ ಮೇಲೆ ಕುಳಿತು, ಪಿಟೀಲಿನ ತಲೆಯನ್ನು ಪಾದದ ಮೇಲೂ ಬುಡವನ್ನು ಎದೆಗೂ ಕೊಟ್ಟುಕೊಳ್ಳುತ್ತಾರೆ. ವಾದ್ಯದ ಭಾರ ಎಡಗೈ ಮೇಲಿಲ್ಲ. ಕೈ ತಂತಿಯುದ್ದಕ್ಕೂ ಜಾರಬಲ್ಲದು, ಗಮಕ ಹುಟ್ಟುವುದು ಅಲ್ಲಿ. 1786ರಲ್ಲಿ ಹುಟ್ಟಿದ ಬಾಲುಸ್ವಾಮಿ ದೀಕ್ಷಿತರು ಎಳೆಯ ವಯಸ್ಸಿನಲ್ಲಿ ಮದ್ರಾಸಿನ ಬಳಿ ಈ ವಾದ್ಯ ಕಲಿತಾಗ ಯುರೋಪಿನಲ್ಲೂ ಗದ್ದದ ಪಟ್ಟಿ ಬಂದಿರಲಿಲ್ಲ ಎಂಬುದನ್ನು ನೆನೆದರೆ ನನಗೆ ಪುಳಕವಾಗುತ್ತದೆ. ಒಂದೇ ವಾದ್ಯ, ಅಲ್ಲಿಂದ ಎರಡು ದಾರಿ ಹಿಡಿಯಿತು.

ಇನ್ನು ಯುರೋಪಿನ ಹಳೆಯ ಹಿಡಿತ. ನಿಂತವನ ಕೊರಳೆಲುಬಿನ ಮೇಲೆ ವಾದ್ಯ ಸುಮ್ಮನೆ ಒರಗಿರುತ್ತದೆ. ಗದ್ದ ಒತ್ತಿ ಹಿಡಿಯುವುದಿಲ್ಲ, ಆದ್ದರಿಂದ ಎಡಗೈ ನುಡಿಸಲೂ ಬೇಕು, ವಾದ್ಯವನ್ನು ಹೊರಲೂ ಬೇಕು. ಮೇಲಿನ ಸ್ಥಾನಕ್ಕೆ ಕೈ ಏರಿಸುವುದು ಹೇಗೋ ಆಗುತ್ತದೆ. ಇಳಿಯುವಾಗ ವಾದ್ಯವೇ ಜಾರುವ ಭಯ. ಹೀಗಾಗಿ ಹೆಬ್ಬೆರಳು ಸ್ವಲ್ಪ ಮುಂಚೆಯೇ ತೆವಳಿ ಹೋಗಿ ಜಾಗ ಹಿಡಿಯಬೇಕು. ಬಿಡಿ ತಂತಿ ನುಡಿಯುವ ಹೊತ್ತು, ಅದೇ ಸ್ವರ ಎರಡು ಸಲ ಬರುವ ಹೊತ್ತು, ಪಂಕ್ತಿ ಮುಗಿದು ಉಸಿರು ಸಿಗುವ ಹೊತ್ತು ನೋಡಿ ಕೈ ಸರಿಸಬೇಕು. ಎಲ್ಲಿ ನಿಲ್ಲಬೇಕು, ಎಲ್ಲಿ ಬಿಡಿಸಿ ನುಡಿಯಬೇಕು ಎಂಬ ವಿವೇಕವನ್ನು ಮೈಯೇ ಕಲಿಸುತ್ತದೆ. ಕಮಾನೂ ಹಾಗೆಯೇ. ಹಳೆಯ ಕಮಾನು ಹಗುರ, ತುದಿಯಲ್ಲಿ ಬಲ ಕಡಿಮೆ. ಕೆಳಗೆಳೆದಾಗ ತೂಕ, ಮೇಲೆ ತಳ್ಳಿದಾಗ ಹಗುರ. ಹಾಗಾಗಿ ಸ್ವರಗಳೆಲ್ಲ ಒಂದೇ ಸಮ ಬರುವುದಿಲ್ಲ, ಮಾತಿನ ಅಕ್ಷರಗಳಂತೆ ಒತ್ತು ಪಡೆದು, ಒತ್ತು ಬಿಟ್ಟು ಬರುತ್ತವೆ. ಹಳೆಯ ವಾದ್ಯವೆಂದರೆ ಬರೀ ವಸ್ತುಸಂಗ್ರಹಾಲಯದ ಮೋಹ ಎಂದು ಟೀಕಿಸುವವರು ಈ ಕೆಲಸವನ್ನು ಹತ್ತಿರದಿಂದ ನೋಡಿಲ್ಲ ಎಂದೇ ನನ್ನ ಭಾವನೆ.

1973ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭವಾದ ಆಸ್ಟನ್ ಮ್ಯಾಗ್ನಾ ಬೇಸಿಗೆ ಶಿಬಿರ ಮತ್ತು ಉತ್ಸವ ಬೆಳೆದದ್ದು ರಿಚಿ–ಫುಲ್ಲರ್ ಜೊತೆಗಾರಿಕೆಯಿಂದ. ಮರುವರ್ಷ ಎಲಿಜಬೆತ್ ರೈಟ್ ಅವರ ಹಾರ್ಪ್ಸಿಕಾರ್ಡಿನೊಡನೆ ರಿಚಿ ‘ಡುಯೊ ಜೆಮಿನಿಯಾನಿ’ ಕಟ್ಟಿದರು. ಆಧುನಿಕ ವಯೊಲಿನ್ ಮಾತ್ರ ಕೈಬಿಡಲಿಲ್ಲ. ಸಿಯಾಟಲ್‌ನಲ್ಲಿದ್ದ ಫಿಲಡೆಲ್ಫಿಯಾ ಸ್ಟ್ರಿಂಗ್ ಕ್ವಾರ್ಟೆಟ್‌ನಲ್ಲಿ ಕೆಲವು ವರ್ಷ ನುಡಿಸಿದರು. 1982ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿದರು. ಬ್ಲೂಮಿಂಗ್ಟನ್ನಿನ ಆ ಸಂಗೀತ ಶಾಲೆಯಲ್ಲಿ ಪ್ರಾಚೀನ ಸಂಗೀತಕ್ಕೇ ಮೀಸಲಾದ ವಿಭಾಗವನ್ನು ಥಾಮಸ್ ಬಿಂಕ್ಲಿ ಆಗಷ್ಟೇ ಕಟ್ಟಿದ್ದರು.

ಅಲ್ಲಿ ಮೂರು ದಶಕಗಳಿಗೂ ಮಿಕ್ಕಿ ನಡೆದ ಪಾಠವೇ ಅವರ ಬದುಕಿನ ದೊಡ್ಡ ಕೆಲಸ ಎಂದು ನಾನು ತಿಳಿಯುತ್ತೇನೆ. ಹಾಳೆಯ ಪಠ್ಯವೂ ಕೈಯ ಅಭ್ಯಾಸವೂ ಒಂದೇ ಸೂರಿನಡಿ ಸೇರಲು ವಿಶ್ವವಿದ್ಯಾಲಯದಂಥ ಜಾಗವೇ ಬೇಕಿತ್ತು. ಪುಸ್ತಕದಿಂದ ಕಷ್ಟಪಟ್ಟು ಹೆಕ್ಕಿದ್ದು ಇಲ್ಲಿ ಮತ್ತೆ ಪಾಠವಾಯಿತು, ತುಂಡಾದ ಸರಪಳಿಗೆ ಕೊಂಡಿ ಬಿತ್ತು. 2012ರಲ್ಲಿ ಆ ಅನುಭವವೆಲ್ಲ ‘ಬಿಫೋರ್ ದಿ ಚಿನ್‌ರೆಸ್ಟ್’ ಎಂಬ ಪುಸ್ತಕವಾಯಿತು. ಗುರು ಸಿಗದ ಕಾಲದಲ್ಲಿ ಕಲಿತವರು ಮುಂದಿನವರಿಗೆ ಬರೆದಿಟ್ಟ ಕೈಪಿಡಿ ಅದು. ಅದಕ್ಕೆ ಮೂರು ವರ್ಷ ಮುಂಚೆ, 2009ರಲ್ಲಿ, ಅಮೆರಿಕದ ಪ್ರಾಚೀನ ಸಂಗೀತ ಸಂಸ್ಥೆ ಜೀವಮಾನದ ಸಾಧನೆಗಾಗಿ ಅವರಿಗೆ ಹೋವರ್ಡ್ ಮೇಯರ್ ಬ್ರೌನ್ ಪ್ರಶಸ್ತಿ ಕೊಟ್ಟಿತು. ಅದೇ ವರ್ಷ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯೂ ಈ ವಾದನಕ್ರಮಕ್ಕೆ ಪ್ರತ್ಯೇಕ ಸ್ನಾತಕೋತ್ತರ ತರಗತಿ ತೆರೆಯಿತು.

2016ರ ಅವರ ಎರಡನೆಯ ಪುಸ್ತಕ ಪೂರ್ತಿ ಬಾಕ್‌ನದು. ಒಂಟಿ ವಯೊಲಿನ್ನಿಗಾಗಿ ಬಾಕ್ ಬರೆದ ಮೂರು ಸೊನಾಟಾ, ಮೂರು ಪಾರ್ಟಿಟಾಗಳ ಸ್ವಹಸ್ತ ಪ್ರತಿ 1720ರದು. ಈ ಸಂಗೀತಕ್ಕೆ ಪಕ್ಕವಾದ್ಯವಿಲ್ಲ ಎನ್ನುವುದು ಮೇಲುನೋಟದ ಮಾತು, ಪಕ್ಕವಾದ್ಯ ಅದೇ ಸ್ವರಗಳ ಒಳಗೆ ಅಡಗಿದೆ ಎಂಬುದು ರಿಚಿಯವರ ವಾದ. ಕೇಳಿ ನೋಡಬಯಸುವವರು ಡಿ ಮೈನರ್ ಪಾರ್ಟಿಟಾದ ಕೊನೆಯ ಭಾಗ ಶಕೋನ್‌ನಿಂದ ಶುರುಮಾಡಬಹುದು. ಕಾಲು ಗಂಟೆಯಷ್ಟು ಉದ್ದದ ರಚನೆ. ಮೊದಲ ಒಂದೆರಡು ನಿಮಿಷ ಮೇಲಿನ ಸ್ವರಗಳ ಬೆಡಗನ್ನು ಬಿಟ್ಟು ತಳದ ಸ್ವರಗಳನ್ನಷ್ಟೇ ಹಿಂಬಾಲಿಸಿ. ನಾಲ್ಕು ನಾಲ್ಕು ಆವರ್ತಕ್ಕೆ ಮರಳಿ ಬರುವ ಒಂದು ನಡೆ ಸಿಗುತ್ತದೆ. ಅದು ಕಿವಿಗೆ ಕೂತಮೇಲೆ ಮೇಲಿನ ಸ್ವರಗಳತ್ತ ಹೋಗಿ.